ಚೌಕಟ್ಟಿನೊಳಗೆ ನೋಡುವವರಿಗೂ ಜಾಗವಿರಲಿ



ಛಾಯಾಗ್ರಾಹಕರ ಈ ಸಮ್ಮೇಳನದಲ್ಲಿ ನೇರವಾಗಿ ಒಂದು ಚಿತ್ರದ ಬಳಿಗೆ ಹೋಗುತ್ತೇನೆ. ರಾಬರ್ಟ್ ಫ್ರ್ಯಾಂಕ್ 1955ರಲ್ಲಿ ಅಮೆರಿಕದ ಹೊಬೋಕನ್‌ನಲ್ಲಿ ತೆಗೆದದ್ದು. ಶೀರ್ಷಿಕೆ ಮೆರವಣಿಗೆ ಎನ್ನುತ್ತದೆ, ಚಿತ್ರದಲ್ಲಿ ಮೆರವಣಿಗೆಯೇ ಇಲ್ಲ. ಒಂದು ಇಟ್ಟಿಗೆ ಗೋಡೆ, ಎರಡು ಕಿಟಕಿ, ಒಂದೊಂದರಲ್ಲಿ ಒಬ್ಬೊಬ್ಬ ಹೆಂಗಸು. ಗಾಳಿಗೆ ಬಿಚ್ಚಿಕೊಂಡ ರಾಷ್ಟ್ರಧ್ವಜ ಒಬ್ಬಳ ಮುಖವನ್ನು ಮುಚ್ಚಿಬಿಟ್ಟಿದೆ.

ಆ ಮುಖ ಕಂಡಿದ್ದರೆ, ಅವಳು ಸಂತೋಷದಲ್ಲಿದ್ದಾಳೆ ಅಥವಾ ಬೇಸರದಲ್ಲಿದ್ದಾಳೆ ಎಂದುಕೊಂಡು ನಾವು ಮುಂದಿನ ಪುಟಕ್ಕೆ ಹೋಗುತ್ತಿದ್ದೆವು. ಕಾಣದಿರುವುದರಿಂದ ನಿಲ್ಲುತ್ತೇವೆ. ಧ್ವಜ ಅವಳನ್ನು ಕಾಯುತ್ತಿದೆಯೋ, ಅಳಿಸುತ್ತಿದೆಯೋ? ದೇಶದ ಹಬ್ಬದಲ್ಲಿ ಅವಳಿಗೆ ಪಾಲಿದೆಯೋ, ಇಲ್ಲವೋ? ಫ್ರ್ಯಾಂಕ್ ಉತ್ತರ ಹೇಳುವುದಿಲ್ಲ. ಹೇಳಬೇಕಾದವರು ನಾವು, ನಾವೆಲ್ಲರೂ ಒಂದೇ ಉತ್ತರ ಹೇಳಬೇಕಾಗಿಯೂ ಇಲ್ಲ. ಈ ಚಿತ್ರವಿದ್ದ ‘ದಿ ಅಮೆರಿಕನ್ಸ್’ ಪುಸ್ತಕ 1958ರಲ್ಲಿ ಪ್ಯಾರಿಸ್‌ನಲ್ಲಿ, ಮರುವರ್ಷ ಅಮೆರಿಕದಲ್ಲಿ ಪ್ರಕಟವಾದಾಗ, ಅಲ್ಲಿನ ಛಾಯಾಗ್ರಹಣ ಪತ್ರಿಕೆಯೊಂದರ ವಿಮರ್ಶಕರು ಮಸುಕು, ಕಾಳುಕಾಳು, ವಾಲಿದ ದಿಗಂತ ಎಂದು ಹೀಗಳೆದರು. ಅವರು ಚಿತ್ರಗಳನ್ನು ನೋಡುವ ಮೊದಲು ತಪ್ಪುಗಳನ್ನು ಎಣಿಸಿದ್ದರು.

ನಾವೂ ಹಾಗೆ ಎಣಿಸುತ್ತೇವೆ. ನಮ್ಮ ಮೊಬೈಲ್ ಪರದೆಯ ಮೇಲೆ ಮೂಡುವ ಆ ನಾಲ್ಕು ಗೆರೆಗಳ ನಿಯಮ, ರೂಲ್ ಆಫ್ ಥರ್ಡ್ಸ್, ಎಲ್ಲಿಂದ ಬಂತು? ಆ ಹೆಸರಿನಲ್ಲಿ ಅದನ್ನು ಮೊದಲು ಬರೆದಿಟ್ಟವನು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ, 1797ರಲ್ಲಿ, ಗ್ರಾಮೀಣ ದೃಶ್ಯಗಳನ್ನು ಚಿತ್ರಿಸುವವರಿಗಾಗಿ. ಆಗ ಕ್ಯಾಮೆರಾದಲ್ಲಿ ಚಿತ್ರ ಹಿಡಿದಿಡುವ ವಿದ್ಯೆಯೇ ಇನ್ನೂ ಬಂದಿರಲಿಲ್ಲ. ಒಳ್ಳೆಯ ಸಲಹೆ ಅದು, ನಾನೂ ಬಳಸುತ್ತೇನೆ. ಸಲಹೆಯನ್ನು ಶಾಸನವಾಗಿಸಿದವರು ನಾವು.

ನಮ್ಮ ಕಣ್ಣಿನ ಅಭ್ಯಾಸ ಇದಕ್ಕಿಂತ ದೊಡ್ಡದು. ಹಂಪಿಯ ಹಜಾರ ರಾಮ ದೇವಾಲಯದಲ್ಲಿ ರಾಮಾಯಣವನ್ನು ಒಂದು ಕಡೆ ನಿಂತು ನೋಡಲಾಗದು. ಗೋಡೆಯುದ್ದಕ್ಕೂ ಸಾಲುಸಾಲಾಗಿ ಕೆತ್ತಿದ ಕಥೆಯನ್ನು ನಡೆಯುತ್ತಾ, ಹಿಂದಿರುಗಿ ನೋಡುತ್ತಾ ಓದಬೇಕು. ಅಲ್ಲಿ ಕಣ್ಣನ್ನು ಹಿಡಿದು ನಿಲ್ಲಿಸುವ ಒಂದೇ ಕೇಂದ್ರವಿಲ್ಲ.

ಜೈಪುರದಲ್ಲಿ ಹುಟ್ಟಿದ ರಘುಬೀರ್ ಸಿಂಗ್ (1942–1999) ಅವರ ವರ್ಣ ಛಾಯಾಚಿತ್ರಗಳಲ್ಲೂ ಇಂಥದೇ ಓದು ಬೇಕು. ಅಂಬಾಸಿಡರ್ ಕಾರನ್ನು ಅವರು ಬರೀ ವಾಹನವಾಗಿ ಬಳಸಲಿಲ್ಲ. ತೆರೆದ ಬಾಗಿಲು, ಗಾಜಿನ ಅಂಚಿನ ಕಂಬ, ಪಕ್ಕದ ಕನ್ನಡಿ ಎಲ್ಲವೂ ಚಿತ್ರದೊಳಗೇ ಬಂದು ದೃಶ್ಯವನ್ನು ಹೋಳು ಮಾಡುತ್ತವೆ. ಒಂದು ಹೋಳಿನಲ್ಲಿ ರಸ್ತೆ, ಇನ್ನೊಂದರಲ್ಲಿ ಜನ, ಕನ್ನಡಿಯಲ್ಲಿ ಹಿಂದೆ ಉಳಿದ ಊರು. ಅವರು ತೀರಿಕೊಂಡ ಮೇಲೆ, 2002ರಲ್ಲಿ, ‘ಎ ವೇ ಇನ್ಟು ಇಂಡಿಯಾ’ ಎಂಬ ಪುಸ್ತಕವಾಗಿ ಇವು ಬಂದವು. ಕಾರಿನ ಕಂಬ ಅಡ್ಡ ಬಂದಿದೆ, ಕ್ರಾಪ್ ಮಾಡಿ ಎನ್ನುವುದು ಸುಲಭ. ಆದರೆ ಆ ಕಂಬವನ್ನು ತೆಗೆದರೆ ಉಳಿಯುವುದು ಸೊಗಸಾದ ಪ್ರವಾಸಿ ಚಿತ್ರ. ನೋಡುತ್ತಿರುವವನು ಎಲ್ಲಿ ಕುಳಿತಿದ್ದಾನೆ, ಅವನಿಗೂ ಆ ಜನರಿಗೂ ನಡುವೆ ಏನಿದೆ ಎಂಬ ಪ್ರಶ್ನೆ ಕಂಬದ ಜೊತೆಗೇ ಹೊರಟುಹೋಗುತ್ತದೆ.

ಕಿರಿಯರಿಗೆ ಒಂದು ಮಾತು. ಕ್ಯಾಮೆರಾ ವಾಲಿಸಿದ ಮಾತ್ರಕ್ಕೆ ಚಿತ್ರ ಹೊಸದಾಗುವುದಿಲ್ಲ. ಈಗ ವಾಲಿಸುವುದೂ ಒಂದು ರೂಢಿಯೇ. ಎದುರಿಗಿರುವ ಸಂಗತಿ ನೇರವಾದ ಚೌಕಟ್ಟಿಗೆ ಒಗ್ಗುತ್ತಿಲ್ಲ ಎಂದು ನಿಮಗೆ ನಿಜವಾಗಿ ಅನ್ನಿಸಿದಾಗ ಮುರಿಯಿರಿ, ಮುರಿದದ್ದಕ್ಕೆ ನಿಂತುಕೊಳ್ಳಿ.

ಕರ್ನಾಟಕದ ಸಲಾನ್, ಅಂದರೆ ಸ್ಪರ್ಧಾ ಪ್ರದರ್ಶನಗಳ, ಪರಂಪರೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ನಮ್ಮ ಕಾಡನ್ನು ಲೋಕಕ್ಕೆ ತೋರಿಸಿದ್ದರ ಹಿಂದೆ ಕಠಿಣ ಶಿಸ್ತಿತ್ತು. ಆ ಶಿಸ್ತು ಬೇಡವೆಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ನಾವು ಅಂಕ ಕೊಡುವ ಕ್ರಮದ ಮೇಲೆ. ಪರದೆಯ ಮೇಲೆ ಚಿತ್ರ ಕೆಲವೇ ಕ್ಷಣ ಇರುತ್ತದೆ, ತೀರ್ಪುಗಾರರು ಅಂಕ ಒತ್ತುತ್ತಾರೆ, ನಾವು ಕೂಡಿಸುತ್ತೇವೆ. ಎಲ್ಲರೂ ತಲೆದೂಗಿದ ಚಿತ್ರ ಒಳಗೆ ಬರುತ್ತದೆ. ಒಬ್ಬರಿಗೆ ಬಹಳ ಹಿಡಿಸಿ, ಇನ್ನಿಬ್ಬರಿಗೆ ಸ್ವಲ್ಪವೂ ಹಿಡಿಸದ ಚಿತ್ರ ಹೊರಗೆ ಬೀಳುತ್ತದೆ. ವಾದ ಹುಟ್ಟಿಸುವ ಚಿತ್ರಗಳನ್ನು ಯಾರೂ ಬೇಕೆಂದು ತಿರಸ್ಕರಿಸುವುದಿಲ್ಲ. ಕೂಡುವ ಲೆಕ್ಕವೇ ಆ ಕೆಲಸ ಮಾಡಿಬಿಡುತ್ತದೆ.

ಆದ್ದರಿಂದ ಈ ಸಭೆಯ ಮುಂದೆ ಒಂದು ಕೋರಿಕೆ ಇಡುತ್ತೇನೆ. ಮುಂದಿನ ಸ್ಪರ್ಧೆಯಿಂದ, ತೀರ್ಪುಗಾರರ ಅಂಕಗಳ ನಡುವೆ ಅತಿ ಹೆಚ್ಚು ಅಂತರವಿರುವ ಚಿತ್ರಗಳನ್ನು ಬೇರೆಯಾಗಿ ಎತ್ತಿಡಿ. ಪ್ರದರ್ಶನದಲ್ಲಿ ಅವಕ್ಕೊಂದು ಗೋಡೆ ಕೊಡಿ. ಶೀರ್ಷಿಕೆ ಹಾಕಬೇಡಿ, ಪದಕವೂ ಬೇಡ. ಪಕ್ಕದಲ್ಲಿ ಒಂದು ದಪ್ಪ ನೋಟುಬುಕ್ಕು, ಒಂದು ಪೆನ್ನು ಇಡಿ. ಬಂದವರು ತಮಗೆ ಕಂಡದ್ದನ್ನು ಬರೆಯಲಿ. ಮರುದಿನ ಆ ಚಿತ್ರ ತೆಗೆದವರನ್ನೂ, ಕಡಿಮೆ ಅಂಕ ಕೊಟ್ಟ ತೀರ್ಪುಗಾರರನ್ನೂ ಆ ಗೋಡೆಯ ಮುಂದೆ ಕೂರಿಸಿ, ನೋಟುಬುಕ್ಕನ್ನು ಗಟ್ಟಿಯಾಗಿ ಓದೋಣ. ಮೊದಲ ವರ್ಷ ಆ ಕೂಟ ನಡೆಸುವ ಹೊಣೆ ನನ್ನದು.