ಜರ್ಮನಿಯಲ್ಲಿ ಮನೆಯ ವೈದ್ಯರನ್ನು ಗೊತ್ತುಮಾಡಿಕೊಳ್ಳುವ ಬಗೆ



ಉನ್ನತ ವ್ಯಾಸಂಗಕ್ಕೆಂದೋ ಉದ್ಯೋಗಕ್ಕೆಂದೋ ಜರ್ಮನಿಗೆ ತೆರಳುವ ನಮ್ಮ ನಾಡಿನ ತರುಣ ತರುಣಿಯರ ಸಂಖ್ಯೆ ಈಚಿನ ವರ್ಷಗಳಲ್ಲಿ ಹೆಚ್ಚುತ್ತಲೇ ಬಂದಿದೆ. ವೀಸಾ, ವಸತಿ, ಉಣ್ಣೆಯ ಉಡುಪುಗಳಿಂದ ಹಿಡಿದು ಸಾರಿನ ಪುಡಿಯವರೆಗೆ ಪ್ರತಿಯೊಂದನ್ನೂ ನೆನಪಿಟ್ಟು ಕೂಡಿಸಿಕೊಡುವ ತಂದೆತಾಯಿಗಳು, ಆ ಶೀತಪ್ರದೇಶದಲ್ಲಿ ಮಕ್ಕಳಿಗೆ ಜ್ವರ ಬಂದರೆ ಯಾವ ವೈದ್ಯರ ಬಳಿಗೆ ಹೋಗತಕ್ಕದ್ದೆಂಬುದನ್ನು ಮಾತ್ರ ವಿಚಾರಿಸುವುದು ವಿರಳ. ವಿಮೆಯಾಯಿತೆಂದರೆ ಚಿಕಿತ್ಸೆಯ ಏರ್ಪಾಡೂ ಆಯಿತೆಂಬುದು ಸಾಮಾನ್ಯವಾದ ಭಾವನೆ. ವಸ್ತುತಃ ವಿಮೆಯು ವೆಚ್ಚವನ್ನು ಭರಿಸುವುದೇ ಹೊರತು ತಾನಾಗಿ ವೈದ್ಯರನ್ನು ಗೊತ್ತುಮಾಡಿಕೊಡುವುದಿಲ್ಲ. ಆ ಹೊಣೆ ವಿಮೆ ಪಡೆದವರದೇ.

ಬಿಸ್ಮಾರ್ಕನ ಆಡಳಿತಕಾಲದಲ್ಲಿ, 1883ನೆಯ ಇಸವಿಯಲ್ಲಿ, ಕಾರ್ಮಿಕರಿಗೆ ಆರೋಗ್ಯ ವಿಮೆಯನ್ನು ಕಡ್ಡಾಯಗೊಳಿಸಿದ ಶಾಸನವೊಂದು ಅಲ್ಲಿ ಅಂಗೀಕೃತವಾಯಿತು. ಆ ಬೀಜದಿಂದ ಬೆಳೆದ ಸಾರ್ವಜನಿಕ ವಿಮಾವ್ಯವಸ್ಥೆಯ ಆಶ್ರಯದಲ್ಲಿ ಇಂದು ದೇಶದ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಇದ್ದಾರೆ. ವೇತನದಲ್ಲಿ, ಒಂದು ಗರಿಷ್ಠ ಮಿತಿಗೆ ಒಳಪಟ್ಟು, ಶೇಕಡಾ 14.6ರಷ್ಟು ಮತ್ತು ಆಯಾ ವಿಮಾಸಂಸ್ಥೆ ಗೊತ್ತುಪಡಿಸಿದ ಅಲ್ಪ ಹೆಚ್ಚುವರಿ ಮೊತ್ತವು ವಂತಿಗೆಯಾಗಿ ಸಲ್ಲುತ್ತದೆ. ಅದರಲ್ಲಿ ಅರ್ಧವನ್ನು ನೌಕರನೂ ಉಳಿದರ್ಧವನ್ನು ಧಣಿಯೂ ತೆರುತ್ತಾರೆ. ಸ್ವಂತ ಆದಾಯವಿಲ್ಲದ ಪತಿ ಅಥವಾ ಪತ್ನಿಯೂ ಮಕ್ಕಳೂ ಬೇರೆ ವಂತಿಗೆಯಿಲ್ಲದೆಯೇ ಅದೇ ವಿಮೆಗೆ ಒಳಪಡುತ್ತಾರೆ. ಮೂವತ್ತು ವರ್ಷ ತುಂಬದ ವಿದ್ಯಾರ್ಥಿಗಳಿಗೆ ರಿಯಾಯಿತಿಯ ದರವುಂಟು.

ವೈದ್ಯರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕಾನೂನು ರೋಗಿಗೇ ಕೊಟ್ಟಿದೆ. ಆದರೆ ಎಲ್ಲ ವೈದ್ಯರೂ ಸಾರ್ವಜನಿಕ ವಿಮೆಯನ್ನು ಸ್ವೀಕರಿಸುವುದಿಲ್ಲವೆಂಬುದನ್ನು ಮೊದಲೇ ತಿಳಿದಿರಬೇಕು. ಚಿಕಿತ್ಸಾಲಯದ ಬಾಗಿಲ ಪಕ್ಕದ ಫಲಕವನ್ನು ಸಾವಧಾನವಾಗಿ ಓದಿದರೆ ಈ ಭೇದ ಗೊತ್ತಾಗುತ್ತದೆ: ವೈದ್ಯರ ಹೆಸರಿನ ಕೆಳಗೆ 'ಆಲೆ ಕಾಸನ್' ಎಂದಿದ್ದರೆ ಸಾರ್ವಜನಿಕ ವಿಮಾಸಂಸ್ಥೆಗಳೆಲ್ಲವಕ್ಕೂ ಅಲ್ಲಿ ಪ್ರವೇಶವಿದೆಯೆಂದರ್ಥ; 'ಪ್ರಿವಾಟ್‌ಪ್ರಾಕ್ಸಿಸ್' ಎಂದಿದ್ದರೆ ಅದು ಖಾಸಗಿ ವಿಮೆಯವರಿಗೂ ಕೈಯಿಂದ ಹಣ ತೆರುವವರಿಗೂ ಮೀಸಲು. ಇದನ್ನರಿಯದೆ ಒಳಹೊಕ್ಕವರು ಬಿಲ್ಲಿನ ಹಣವನ್ನು ತಾವೇ ಕೊಡಬೇಕಾಗುವುದು. ಮೊದಲ ಭೇಟಿಗೆ ತಜ್ಞರಿಗಿಂತ ಸಾಮಾನ್ಯ ವೈದ್ಯರೇ ತಕ್ಕವರು. 'ಹೌಸ್‌ಆರ್ಟ್ಸ್ಟ್' ಎಂದು ಅವರನ್ನು ಅಲ್ಲಿ ಕರೆಯುತ್ತಾರೆ. ಅಗತ್ಯಬಿದ್ದಾಗ ತಜ್ಞರಿಗೆ ಪತ್ರ ಬರೆದುಕೊಡುವವರೂ, ರೋಗಿಯ ಪೂರ್ವವೃತ್ತಾಂತವನ್ನೆಲ್ಲ ಒಂದೆಡೆ ಕಾದಿಡುವವರೂ ಅವರೇ.

ಇನ್ನು ಹುಡುಕುವ ಬಗೆ. ಪ್ರತಿಯೊಂದು ಪ್ರಾಂತದಲ್ಲಿಯೂ ಸಾರ್ವಜನಿಕ ವಿಮೆಯ ವೈದ್ಯರ ಸಂಘವೊಂದಿದ್ದು, ವೈದ್ಯರು ಯಾವ ಬಡಾವಣೆಯಲ್ಲಿದ್ದಾರೆ, ಯಾವ ಭಾಷೆಗಳನ್ನು ಬಲ್ಲರು ಎಂಬುದನ್ನು ತಿಳಿಸುವ ಪಟ್ಟಿಯನ್ನು ಅದು ಅಂತರ್ಜಾಲದಲ್ಲಿ ಒದಗಿಸುತ್ತದೆ. ಮನೆಗೆ ಸಮೀಪದ ಐದಾರು ಹೆಸರುಗಳನ್ನು ಗುರುತುಹಾಕಿಕೊಂಡು, ಬೆಳಗಿನ ವೇಳೆ ದೂರವಾಣಿ ಮಾಡಿ, ಹೊಸ ರೋಗಿಗಳನ್ನು ಸೇರಿಸಿಕೊಳ್ಳುತ್ತಿರುವಿರಾ ಎಂದು ನೇರವಾಗಿ ಕೇಳಬೇಕು. ಬುಧವಾರ ಮತ್ತು ಶುಕ್ರವಾರದ ಅಪರಾಹ್ನ ಅನೇಕ ಚಿಕಿತ್ಸಾಲಯಗಳು ಮುಚ್ಚಿರುತ್ತವೆ. ವಯೋವೃದ್ಧ ವೈದ್ಯರು ನಿವೃತ್ತರಾಗುತ್ತಿರುವ ಊರುಗಳಲ್ಲಿ 'ಇಲ್ಲ' ಎಂಬ ಉತ್ತರವೇ ಮೇಲಿಂದ ಮೇಲೆ ಬಂದೀತು. ಆಗ ಎದೆಗುಂದದೆ 116117 ಎಂಬ ಸಂಖ್ಯೆಗೆ ಕರೆಮಾಡಿದರೆ, ವೈದ್ಯರ ಭೇಟಿಯನ್ನು ಗೊತ್ತುಪಡಿಸಲು ಅಲ್ಲಿಯವರು ನೆರವಾಗುತ್ತಾರೆ. ರಾತ್ರಿಯ ವೇಳೆಯಲ್ಲಿಯೂ ರಜಾದಿನಗಳಲ್ಲಿಯೂ ಪ್ರಾಣಾಪಾಯವಿಲ್ಲದ ಕಾಯಿಲೆಗೆ ಇದೇ ಸಂಖ್ಯೆ; ಪ್ರಾಣಕ್ಕೆ ಅಪಾಯವೆಂದಾದಲ್ಲಿ ಮಾತ್ರ 112.

ಭೇಟಿಗೆ ಹೋಗುವಾಗ ವಿಮೆಯ ಕಾರ್ಡನ್ನು ಮರೆಯಲಾಗದು. ಚಿಕಿತ್ಸಾಲಯದ ಲೆಕ್ಕಾಚಾರವು ಮೂರು ತಿಂಗಳಿಗೊಮ್ಮೆ ನಡೆಯುವುದರಿಂದ, ಪ್ರತಿ ತ್ರೈಮಾಸಿಕದ ಮೊದಲ ಭೇಟಿಯಲ್ಲಿ ಕೌಂಟರಿನಲ್ಲಿರುವ ಪುಟ್ಟ ಯಂತ್ರಕ್ಕೆ ಅದನ್ನು ತೂರಿಸಿ ಓದಿಸುತ್ತಾರೆ. 2024ರಿಂದ ಔಷಧದ ಚೀಟಿಯೂ ವಿದ್ಯುನ್ಮಾನ ರೂಪದ್ದಾಗಿದ್ದು, ಅದೇ ಕಾರ್ಡನ್ನು ಔಷಧಾಲಯದಲ್ಲಿ ತೋರಿಸಿದರೆ ಸಾಕು; ವಯಸ್ಕ ರೋಗಿಗಳು ಒಂದೊಂದು ಔಷಧಕ್ಕೆ ಸಾಮಾನ್ಯವಾಗಿ 5ರಿಂದ 10 ಯೂರೋಗಳನ್ನು ತಾವು ತೆರುತ್ತಾರೆ. ಕಾಯಿಲೆಯು ಮೂರು ದಿನಗಳನ್ನು ಮೀರಿದರೆ ನೌಕರನಾದವನಿಗೆ ವೈದ್ಯರ ಪ್ರಮಾಣಪತ್ರ ಬೇಕೇಬೇಕು. ಮೈ ಕೆಂಡದಂತೆ ಸುಡುತ್ತಿರುವಾಗ, ಪರಭಾಷೆಯಲ್ಲಿ, ಅಪರಿಚಿತ ಚಿಕಿತ್ಸಾಲಯಗಳಿಗೆ ಒಂದೊಂದಾಗಿ ಕರೆಮಾಡಿ ಆ ಪತ್ರಕ್ಕಾಗಿ ಅಂಗಲಾಚುವ ಕಷ್ಟ ನಮ್ಮ ಮಕ್ಕಳಿಗೆ ಬಾರದಿರಲಿ.

ಆದಕಾರಣ, ಜರ್ಮನಿಯಲ್ಲಿ ಮಕ್ಕಳಿರುವ ತಂದೆತಾಯಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಮುಂದಿನ ಸಲ ಮಾತನಾಡುವಾಗ, ಊಟವಾಯಿತೆ ಎಂದು ಕೇಳಿದ ಬಳಿಕ, ನಿನ್ನ ವೈದ್ಯರ ಹೆಸರೇನು ಎಂದೂ ಕೇಳಿರಿ. ಉತ್ತರ ಬಾರದಿದ್ದರೆ, ಆರೋಗ್ಯ ನೆಟ್ಟಗಿರುವಾಗಲೇ, ಆ ವಾರದಲ್ಲಿಯೇ ಒಬ್ಬ ವೈದ್ಯರನ್ನು ಗೊತ್ತುಮಾಡಿಕೊಳ್ಳುವಂತೆ ಹೇಳಿರಿ.