ಕ್ಯಾಶ್ ಮೆಷಿನ್‌ನಲ್ಲಿ ಯಾರ ಹಣ ಎಷ್ಟು?



ಈ ಬೇ ಏರಿಯಾದಲ್ಲಿ ನಮ್ಮಲ್ಲಿ ಕೆಲವರು ಹೋಟೆಲಿನ ಕೌಂಟರಿನಲ್ಲಿದ್ದೇವೆ, ಕೆಲವರು ಹಲಾಲ್ ಮಾಂಸದಂಗಡಿಯ, ದಿನಸಿ ಅಂಗಡಿಯ ಕ್ಯಾಶಿನಲ್ಲಿ. ಒಂದಿಬ್ಬರು ಸ್ವಂತ ಅಂಗಡಿ ಇಟ್ಟಿದ್ದಾರೆ. ಉಳಿದವರಿಗೆ ಇಲ್ಲಿ ಆಗದಿದ್ದರೆ ಊರಿಗೆ ಹೋಗಿಯಾದರೂ ಒಂದು ಸಣ್ಣ ವ್ಯಾಪಾರ ಮಾಡುವ ಆಸೆ ಉಂಟು. ಬ್ಯಾರಿಗಳಲ್ಲವೇ, ಹೆಸರಿನಲ್ಲೇ ವ್ಯಾಪಾರ ಕೂತಿದೆ. ಹಾಗಾಗಿ ಈ ಮಾತು ಕೌಂಟರಿನ ಹಿಂದೆ ನಿಲ್ಲುವವರಿಗೂ ಹೌದು, ಮಾಲಕರಿಗೂ ಹೌದು.

ಪಿಒಎಸ್ ಅಂದರೆ ಕಾರ್ಡ್ ಉಜ್ಜುವ ಮೆಷಿನ್ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಅದು ಅದರ ಒಂದು ಕೆಲಸ ಮಾತ್ರ. ಇವತ್ತು ಎಲ್ಲ ಕಡೆ ಕಾಣುವ ಸ್ಕ್ವೇರ್ ಕಂಪೆನಿ 2009ರಲ್ಲಿ ಇದೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದದ್ದು. ಅದನ್ನು ಜಾಕ್ ಡಾರ್ಸಿಯ ಜೊತೆ ಕಟ್ಟಿದ ಜಿಮ್ ಮೆಕೆಲ್ವಿ ಗಾಜಿನ ಕಲಾಕೃತಿ ಮಾಡಿ ಮಾರುತ್ತಿದ್ದವರು. ಗಿರಾಕಿಯ ಕಾರ್ಡ್ ತೆಗೆದುಕೊಳ್ಳಲು ಆಗದೆ ಒಂದು ವ್ಯಾಪಾರ ಕೈತಪ್ಪಿದ್ದೇ ಅದಕ್ಕೆ ಕಾರಣವಂತೆ. ಈಗ ಚಹಾ ಅಂಗಡಿಯಲ್ಲೂ ಆ ಸ್ಕ್ರೀನ್ ಉಂಟು. ಆದರೆ ಸ್ಕ್ರೀನಿನ ಹಿಂದೆ ಬರೆಯಲಾಗುವ ಲೆಕ್ಕವನ್ನು ತೆರೆದು ನೋಡುವವರು ಕಡಿಮೆ.

ಒಂದು ಲೆಕ್ಕ ಮಾಡುವ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಸಣ್ಣ ಹೋಟೆಲ್. ಒಂದು ದಿನ 40 ಬಿಲ್, ಎಲ್ಲವೂ ಅಲ್ಲೇ ಕೂತು ತಿಂದದ್ದು, ಎಲ್ಲವೂ ಕಾರ್ಡಿನಲ್ಲಿ. ಊಟದ ಬೆಲೆ 800 ಡಾಲರ್. ಅದರ ಮೇಲೆ ಶೇ. 8.625ರಂತೆ ಸೇಲ್ಸ್ ಟ್ಯಾಕ್ಸ್ 69 ಡಾಲರ್. ಗಿರಾಕಿಗಳು ಕೊಟ್ಟ ಟಿಪ್ 100 ಡಾಲರ್. ಒಟ್ಟು 969. ಕಾರ್ಡಿನ ಶುಲ್ಕ ಶೇ. 2.6 ಮತ್ತು ಬಿಲ್ಲಿಗೆ 15 ಸೆಂಟು ಅಂತ ಇಟ್ಟುಕೊಳ್ಳಿ, 31 ಡಾಲರ್ 19 ಸೆಂಟು ಹೋಗ್ತದೆ. ಮರುದಿನ ಬ್ಯಾಂಕಿಗೆ ಬರುವುದು 937 ಡಾಲರ್ 81 ಸೆಂಟು.

ಮಾಲಕ ಬ್ಯಾಂಕ್ ನೋಡಿ 937 ಬಂತು ಅಂತ ಖುಷಿಪಡ್ತಾನೆ. ಅದರಲ್ಲಿ 69 ಸರಕಾರದ್ದು, 100 ಕೆಲಸದವರದ್ದು. ಅವನದ್ದು 768 ಡಾಲರ್ 81 ಸೆಂಟು. ಬಾಡಿಗೆ, ಸಂಬಳ, ಸಾಮಾನು ಎಲ್ಲ ಅದರಲ್ಲೇ ಆಗಬೇಕು. ಉಳಿದ 169 ಅವನ ಕೈಯಲ್ಲಿರುವ ಅಮಾನತ್. ಅದನ್ನು ಅವನು ಸಾಮಾನು ತರಲು ಖರ್ಚು ಮಾಡಿದರೆ ಟ್ಯಾಕ್ಸ್ ಕಟ್ಟುವ ತಿಂಗಳಲ್ಲಿ ಸಾಲಕ್ಕೆ ಕೈಯೊಡ್ಡಬೇಕು. ನಾವು ಲೆಕ್ಕ ನೋಡುವವರು ಕಾಣುವ ಹೆಚ್ಚಿನ ತಾಪತ್ರಯದ ಬುಡ ಇದೇ. ಟ್ಯಾಕ್ಸಿನ ಹಣವನ್ನು ವಾರಕ್ಕೊಮ್ಮೆ ಬೇರೆ ಖಾತೆಗೆ ಹಾಕಿಬಿಡಿ. ಎಷ್ಟು ಹಾಕಬೇಕು ಅಂತ ಮೆಷಿನಿನ ವರದಿಯೇ ಹೇಳ್ತದೆ.

ಟಿಪ್ ವಿಷಯ ಕೆಲಸದವರು ಸರಿಯಾಗಿ ಕೇಳಿಸಿಕೊಳ್ಳಬೇಕು. ಕ್ಯಾಲಿಫೋರ್ನಿಯಾದ ಕಾರ್ಮಿಕ ಕಾನೂನಿನ 351ನೇ ಸೆಕ್ಷನ್ ಪ್ರಕಾರ ಟಿಪ್ ಕೆಲಸದವರ ಸೊತ್ತು. ಮಾಲಕ ಅದರಲ್ಲಿ ಪಾಲು ತೆಗೆಯುವಂತಿಲ್ಲ. ಕಾರ್ಡಿನಲ್ಲಿ ಬಂದ ಟಿಪ್ಪಿನಿಂದ ಕಾರ್ಡ್ ಶುಲ್ಕವನ್ನೂ ಕಳೆಯುವಂತಿಲ್ಲ. ಮೇಲಿನ ಲೆಕ್ಕದಲ್ಲಿ 100 ಅಂದರೆ ಪೂರ್ತಿ 100. ಗಿರಾಕಿ ಕಾರ್ಡ್ ಕೊಟ್ಟ ದಿನದ ನಂತರದ ಮೊದಲ ಸಂಬಳದ ದಿನದೊಳಗೆ ಅದು ಕೈಗೆ ಬರಬೇಕು. ದಿನದ ಟಿಪ್ ಎಷ್ಟು ಅಂತ ಮೆಷಿನಿನಲ್ಲಿ ಇದ್ದೇ ಇರ್ತದೆ. ಶಿಫ್ಟ್ ಮುಗಿಯುವಾಗ ನಿಮ್ಮದನ್ನು ನೋಡಿ ಒಂದು ಪುಸ್ತಕದಲ್ಲಿ ಬರೆದಿಡಿ.

ಇನ್ನು ಪಿನ್ ನಂಬರ್. ಸಣ್ಣ ಅಂಗಡಿಗಳಲ್ಲಿ ಎಲ್ಲರೂ ಒಂದೇ ಪಿನ್ ಒತ್ತುವುದು ರೂಢಿ. "ಎಲ್ಲ ಮನೆಯವರಂತೆ ಇದ್ದೇವೆ, ಬೇರೆ ಬೇರೆ ಯಾಕೆ" ಅಂತಾರೆ. ಹಣ ಸರಿ ಇರುವವರೆಗೆ ಮನೆಯವರೇ. ಒಂದು ರಾತ್ರಿ 60 ಡಾಲರ್ ಕಡಿಮೆ ಬಂತು ಅಂತ ಇಟ್ಟುಕೊಳ್ಳಿ. ಯಾರೋ ಬಿಲ್ ರದ್ದು ಮಾಡಿದ್ದಾರೆ, ಯಾರೋ ಹಣ ವಾಪಸ್ ಕೊಟ್ಟಿದ್ದಾರೆ, ಮೆಷಿನಿನಲ್ಲಿ ಎಲ್ಲ ಒಂದೇ ಹೆಸರಿನಲ್ಲಿ ಉಂಟು. ಆಗ ಸಂಶಯ ಯಾರ ಮೇಲೆ ಬೀಳ್ತದೆ? ಹೊಸಬನ ಮೇಲೆ. ಅದರಲ್ಲೂ ಕಾಗದಪತ್ರ ಸರಿ ಇಲ್ಲದೆ ಬಾಯಿಬಿಡಲು ಹೆದರುವವನ ಮೇಲೆ.

ಕ್ಯಾಶ್ ರಿಜಿಸ್ಟರ್ ಹುಟ್ಟಿದ್ದೇ ಇಂಥ ಸಂಶಯದಿಂದ. 1879ರಲ್ಲಿ ಅಮೆರಿಕದ ಡೇಟನ್ ಊರಿನ ಜೇಮ್ಸ್ ರಿಟ್ಟಿ ಎಂಬ ಮದ್ಯದಂಗಡಿಯವನು, ಕೆಲಸದವರು ಹಣ ಹಾರಿಸುತ್ತಾರೆ ಅಂತ ಅದನ್ನು ಮಾಡಿಸಿ ಪೇಟೆಂಟ್ ಪಡೆದ. ಆದರೆ ಕೆಲಸದವನಿಗೆ ತನ್ನದೇ ಪಿನ್ ಇದ್ದರೆ ಅದೇ ಯಂತ್ರ ಅವನ ಪರವಾಗಿ ಸಾಕ್ಷಿ ಹೇಳ್ತದೆ. ಆದ್ದರಿಂದ ಸ್ವಂತ ಪಿನ್ ಕೇಳಿ ಪಡೆಯಿರಿ, ಅದನ್ನು ಸ್ನೇಹಿತನಿಗೂ ಕೊಡಬೇಡಿ. ಶಿಫ್ಟ್ ಶುರುವಾಗುವಾಗ ಡ್ರಾವರಿನ ಹಣ ಎಣಿಸಿಯೇ ಕೂತುಕೊಳ್ಳಿ, ಮುಗಿಸುವಾಗ ಎಣಿಸಿ ಕೊಡಿ. ಹಣ ಕಡಿಮೆ ಬಂತು ಅಂತ ಸಂಬಳದಿಂದ ಕಡಿದುಕೊಳ್ಳಲು ಇಲ್ಲಿಯ ಕಾನೂನು ಸುಮ್ಮನೆ ಬಿಡುವುದಿಲ್ಲ. ಕೆಲಸದವನು ಮೋಸ ಮಾಡಿದ್ದು ಅಥವಾ ಅತಿ ದೊಡ್ಡ ಅಜಾಗ್ರತೆ ತೋರಿದ್ದು ಸಾಬೀತಾಗಬೇಕು. ಲೇಬರ್ ಕಮಿಷನರ್ ಕಚೇರಿಗೆ ದೂರು ಕೊಡಲು ವೀಸಾ ಸ್ಥಿತಿ ಅಡ್ಡಿಯಲ್ಲ.

ಮಾಲಕರಾಗುವವರಿಗೆ ಇನ್ನೊಂದು ಮಾತು. ಐಟಂ ಐಟಂ ಬೇರೆ ಒತ್ತದೆ, ಬರೇ ಮೊತ್ತ ಹಾಕಿ ಹಣ ತೆಗೆದುಕೊಳ್ಳುವ ಅಭ್ಯಾಸ ಬಿಡಬೇಕು. ಇಲ್ಲಿ ಅಕ್ಕಿಗೆ, ಬೇಳೆಗೆ ಟ್ಯಾಕ್ಸ್ ಇಲ್ಲ, ಬಿಸಿ ಬಿರಿಯಾನಿಗೆ ಉಂಟು. ಅಧಿಕಾರಿ ಬಂದು ಕೇಳಿದಾಗ ಯಾವುದು ಅಕ್ಕಿ, ಯಾವುದು ಬಿರಿಯಾನಿ ಅಂತ ತೋರಿಸಬೇಕಾದವರು ನೀವೇ. ಆ ದಾಖಲೆಯನ್ನು ಕನಿಷ್ಠ ನಾಲ್ಕು ವರ್ಷ ಇಡಬೇಕು.

ಊರಿನಲ್ಲೂ ಇದೇ ಪಾಠ. 2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿದ್ದು ನಿಮಗೆ ನೆನಪಿರಬಹುದು. ವರ್ಷಕ್ಕೆ 40 ಲಕ್ಷ ದಾಟಿದ ಸರಕಿನ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿ ಬೇಕು, ಸೇವೆಗೆ 20 ಲಕ್ಷ. ತೆರಿಗೆಯೇ ಇಲ್ಲದ ತರಕಾರಿ, ಹಾಲು ಮಾರುವವರಿಗೂ ನೋಟೀಸು ಬಂತು. ಬೆಂಗಳೂರಿನಲ್ಲಿ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು "ನಗದು ಮಾತ್ರ" ಅಂತ ಬೋರ್ಡ್ ಹಾಕಿದರು. ಕೊನೆಗೆ ಸರಕಾರ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಅಂತ ಹೇಳಬೇಕಾಯಿತು. ಯುಪಿಐ ಎಷ್ಟು ಬಂತು ಅಂತ ಮಾತ್ರ ಹೇಳ್ತದೆ, ಯಾವುದಕ್ಕೆ ಬಂತು ಅಂತ ಹೇಳುವುದಿಲ್ಲ. ಗೆಳೆಯ ವಾಪಸ್ ಕೊಟ್ಟ ಕೈಸಾಲವೂ ಅದರಲ್ಲಿ ವ್ಯಾಪಾರದ ಹಾಗೆಯೇ ಕಾಣ್ತದೆ. ಗಲ್ಫಿನಿಂದ, ಇಲ್ಲಿಂದ ಉಳಿತಾಯ ತಗೊಂಡು ಹೋಗಿ ಅಂಗಡಿ ಇಡುವವರು ಅಂಗಡಿಗೆ ಬೇರೆ ಖಾತೆ, ಮನೆಗೆ ಬೇರೆ ಖಾತೆ ಮಾಡಿ. ಬಿಲ್ಲಿಂಗ್ ಸಾಫ್ಟ್‌ವೇರನ್ನು ಮೊದಲ ದಿನದಿಂದಲೇ ಶುರು ಮಾಡಿ.

ಮೆಷಿನಿನ ಕಂಪೆನಿಗಳು ಸಾಲವನ್ನೂ ಕೊಡ್ತವೆ. ಸ್ಕ್ರೀನಿನಲ್ಲೇ ಬರ್ತದೆ, ಒತ್ತಿದರೆ ಹಣ. ಬಡ್ಡಿ ಅಂತ ಹೆಸರಿಲ್ಲ, ಒಂದು ನಿಗದಿತ ಶುಲ್ಕ ಸೇರಿಸಿ ದಿನದ ಮಾರಾಟದಿಂದ ಇಷ್ಟು ಶೇಕಡಾ ಅಂತ ಕಡಿದುಕೊಳ್ತಾರೆ. 10,000 ಪಡೆದು 11,200 ಕೊಡಬೇಕು, ಅದು ಆರು ತಿಂಗಳಲ್ಲಿ ತೀರಿತು ಅಂದರೆ ವರ್ಷದ ಲೆಕ್ಕದಲ್ಲಿ ಅದು ಶೇ. 12 ಅಲ್ಲ, ಶೇ. 24ಕ್ಕೂ ಹೆಚ್ಚು. ದಿನದಿನವೂ ಅಸಲು ಕಡಿಮೆಯಾಗ್ತಾ ಹೋಗ್ತದಲ್ಲ. ಹೆಸರು ಬದಲಾದರೆ ರಿಬಾ ಅಲ್ಲವೇ ಎಂಬುದನ್ನು ಉಲಮಾಗಳ ಹತ್ತಿರ ಕೇಳಿ. ಹೋಗುವಾಗ ಆ ಒಪ್ಪಂದದ ಕಾಗದ ಹಿಡಿದುಕೊಂಡೇ ಹೋಗಿ, ಬಾಯಿಮಾತಿನಲ್ಲಿ ಕೇಳಿದರೆ ಉತ್ತರವೂ ಬಾಯಿಮಾತಿನದ್ದೇ ಆಗ್ತದೆ.

ಝಕಾತಿನ ಲೆಕ್ಕಕ್ಕೂ ಈ ಮೆಷಿನ್ ಉಪಯೋಗ. ಸರಕು ಬಂದಾಗ ಬರೆದು, ಮಾರಿದಾಗ ಒತ್ತಿದರೆ ಹಿಜರಿ ವರ್ಷ ತುಂಬಿದ ದಿನ ಅಂಗಡಿಯಲ್ಲಿ ಎಷ್ಟು ಮಾಲು ಉಂಟು ಅಂತ ಸಿಗ್ತದೆ. ಶೇ. 2.5 ತೆಗೆಯಲು ಅಂದಾಜು ಬೇಕಾಗುವುದಿಲ್ಲ. ಟ್ಯಾಕ್ಸಿನದ್ದೂ ಟಿಪ್ಪಿನದ್ದೂ ಹಣವನ್ನು ಮಾತ್ರ ನಿಮ್ಮದೆಂದು ಅದರಲ್ಲಿ ಸೇರಿಸಬೇಡಿ.

ಇನ್ನು ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ. ಸಂಬಳದ ಚೀಟಿ ತಂದವರು ಊಟದ ನಂತರ ಹಿಂದಿನ ಮೇಜಿನ ಹತ್ತಿರ ಬನ್ನಿ, ಟಿಪ್ಪಿನ ಲೆಕ್ಕ ಒಟ್ಟಿಗೆ ಕೂತು ನೋಡುವ.