ಕುಂಡದಲ್ಲೊಂದು ಮಾಗಳಿ

ನಮ್ಮ ಮನೆಯ ಬಿಸಿಲುಮಚ್ಚಿನ ಮೇಲೆ ಒಂದು ಮಣ್ಣಿನ ಕುಂಡವಿದೆ. ಅದರಲ್ಲೊಂದು ಹಬ್ಬುವ ಪೊದೆ. ನೋಡಬಂದವರು ಪಕ್ಕದ ಗುಲಾಬಿಯನ್ನು ಹೊಗಳಿ ಕೆಳಗಿಳಿಯುತ್ತಾರೆ. ಇದರ ಹೆಸರನ್ನು ಕೇಳುವವರಿಲ್ಲ. ಎಲೆ ಕಿತ್ತರೆ ಹಾಲು ಒಸರುತ್ತದೆ ಎಂಬುದನ್ನು ಬಿಟ್ಟರೆ ಮೇಲ್ನೋಟಕ್ಕೆ ಅದರಲ್ಲಿ ವಿಶೇಷವೇನೂ ಇಲ್ಲ. ಅದರ ಸಿರಿಯೆಲ್ಲ ಮಣ್ಣಿನೊಳಗೆ, ರಸ ತುಂಬಿದ ಬೇರುಗಳಲ್ಲಿ. ಇದೇ ಮಾಗಳಿ, ಕೆಲವರ ಬಾಯಲ್ಲಿ ಮಾಕಳಿ.

ಮಾಗಳಿ ಬೇರಿನ ಉಪ್ಪಿನಕಾಯಿಯನ್ನು ಬಲ್ಲ ಶ್ರೋತೃಗಳಿಗೆ ಈ ಹೆಸರು ಕಿವಿಗೆ ಬಿದ್ದೊಡನೆಯೇ ಮೊಸರನ್ನದ ನೆನಪಾಗಿರಬೇಕು. ಅರಿಯದವರಿಗೆ ಅದರ ವಾಸನೆಯನ್ನು ವರ್ಣಿಸುವುದು ಮೂವತ್ತು ವರ್ಷ ಅಲಂಕಾರಶಾಸ್ತ್ರ ಪಾಠ ಮಾಡಿದ ನನಗೂ ಕಷ್ಟ. ಮೆಚ್ಚಿದವರು ಪರಿಮಳವೆನ್ನುತ್ತಾರೆ, ಮೆಚ್ಚದವರು ತಿಗಣೆಯ ವಾಸನೆಯೆಂದು ಮೂಗು ಮುಚ್ಚುತ್ತಾರೆ. ರಸಾಯನಶಾಸ್ತ್ರಜ್ಞರು ಹೇಳುವುದು ಇನ್ನೂ ಸ್ವಾರಸ್ಯವಾಗಿದೆ. ವೆನಿಲಾದ ಪರಿಮಳಕ್ಕೆ ಕಾರಣವಾದ ವಸ್ತುವಿನಲ್ಲಿಯೂ ಮಾಗಳಿಯ ಗಂಧಕ್ಕೆ ಕಾರಣವಾದ ವಸ್ತುವಿನಲ್ಲಿಯೂ ಇರುವುದು ಅವೇ ಪರಮಾಣುಗಳು, ಅಷ್ಟೇ ಸಂಖ್ಯೆಯಲ್ಲಿ. ಜೋಡಣೆ ಮಾತ್ರ ಬೇರೆ. ಅವೇ ಅಕ್ಷರಗಳಿಂದ ಎರಡು ಪದಗಳಾದಂತೆ.

ನನ್ನ ಬಾಲ್ಯ ಕಳೆದದ್ದು ಮಾಗಡಿಯಲ್ಲಿ. ಸಾವನದುರ್ಗದ ಬೆಟ್ಟ ಅಲ್ಲಿಗೆ ದೂರವಲ್ಲ. ಸಮುದ್ರಮಟ್ಟದಿಂದ 1226 ಮೀಟರು ಎತ್ತರದ ಆ ಬಂಡೆಗೆ ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಭಾಗಗಳು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಅದನ್ನು ಹಿಡಿದ ಸಂಗತಿಯನ್ನು ಶಾಲೆಯಲ್ಲಿ ಓದಿದ್ದೆವು. ಆದರೆ ನಮ್ಮ ಮನೆಗೆ ದುರ್ಗದಿಂದ ಬರುತ್ತಿದ್ದುದು ಇತಿಹಾಸವಲ್ಲ, ಬೇರು. ವರ್ಷಕ್ಕೊಮ್ಮೆ ಒಬ್ಬಾಕೆ ಮಂಕರಿ ಹೊತ್ತು ಬರುತ್ತಿದ್ದಳು. ನಮ್ಮ ತಾಯಿಯವರು ಬೇರುಗಳನ್ನು ನೀರಿನಲ್ಲಿ ನೆನೆಸಿ, ಮಣ್ಣು ಉಜ್ಜಿ, ಸಿಪ್ಪೆ ಹೆರೆದು, ನಡುವಿನ ನಾರುಕಡ್ಡಿಯನ್ನು ತೆಗೆದು, ಸಣ್ಣಗೆ ಹೆಚ್ಚಿ, ಉಪ್ಪು ಖಾರ ಸಾಸಿವೆಯೊಡನೆ ಮೊಸರಿನಲ್ಲಿ ಹಾಕುವರು. ಜಾಡಿಯ ಬಾಯಿಗೆ ಬಟ್ಟೆ ಕಟ್ಟಿದರೆ ಮುಗಿಯಿತು, ಮಕ್ಕಳು ಆ ಕಡೆ ಸುಳಿಯುವಂತಿಲ್ಲ.

ಒಂದು ವರ್ಷ ತಾಯಿಯವರು, ಬೇರು ಇಷ್ಟು ಸಣ್ಣಗಿದೆಯಲ್ಲ ಎಂದು ಆಕ್ಷೇಪಿಸಿದರು. ಆಕೆ, "ದಪ್ಪ ಬೇರು ಎಲ್ಲೈತ್ರವ್ವ? ಇದ್ದುದ್ನೆಲ್ಲ ನಾವೇ ಕಿತ್ತ್ ತಂದ್ವಲ್ಲ" ಎಂದಳು. ತಾಯಿಯವರು ನಕ್ಕು ನಾಲ್ಕಾಣೆ ಕಡಿಮೆ ಮಾಡಿಸಿದರು. ನಾನೂ ಆ ಮಾತನ್ನು ಮರೆತೆ.

ಅದು ಮತ್ತೆ ನೆನಪಾದದ್ದು ನಿವೃತ್ತಿಯ ಅನಂತರ. ಸಸ್ಯಶಾಸ್ತ್ರ ವಿಭಾಗದಲ್ಲಿದ್ದ ಗೆಳೆಯರೊಬ್ಬರೊಡನೆ ದುರ್ಗದ ಬುಡದ ಕಾಡಿನಲ್ಲಿ ಅಲೆಯುತ್ತಿದ್ದೆ. ಕಲ್ಲುಗಳ ಸಂದಿಯಲ್ಲಿ ಮೊಣಕಾಲುದ್ದದ ಒಂದು ಗುಂಡಿ. ಪಕ್ಕದಲ್ಲಿ ಒಣಗಿದ ಬಳ್ಳಿ. ಮಾಗಳಿಯ ಬೇರು ಬುಡದಿಂದ ಗೊಂಚಲಾಗಿ ಇಳಿಯುತ್ತದೆ. ಅಗೆಯುವವರು ಒಂದನ್ನೂ ಉಳಿಸುವುದಿಲ್ಲ, ಗಿಡ ಅಲ್ಲಿಗೇ ತೀರಿತು ಎಂದು ಅವರು ವಿವರಿಸಿದರು. ದಕ್ಷಿಣ ಭಾರತವನ್ನು ಬಿಟ್ಟು ಬೇರೆಲ್ಲೂ ಸಹಜವಾಗಿ ಬೆಳೆಯದ ಗಿಡವಿದು. 1834ರಲ್ಲಿ ವೈಟ್ ಮತ್ತು ಆರ್ನಟ್ ಎಂಬ ವಿದ್ವಾಂಸರು ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದರು. 2015ರಲ್ಲಿ ಇದು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ವಿನಾಶದಂಚಿನ ಸಸ್ಯಗಳ ಸಾಲಿಗೆ ಸೇರಿತು.

ಮಾವಿನ ಮಿಡಿ ಕಿತ್ತರೆ ಮರ ಉಳಿಯುತ್ತದೆ, ನಿಂಬೆಯೂ ಹಾಗೆಯೇ. ಮಾಗಳಿಯ ಜಾಡಿ ತುಂಬಬೇಕಾದರೆ ಗಿಡಗಳೇ ಹೋಗಬೇಕು. ನಮ್ಮ ಮನೆತನದ ರುಚಿಯೆಂದು ನಾವು ಹೆಮ್ಮೆಪಟ್ಟದ್ದನ್ನು ನಮ್ಮ ಮನೆತನದವರು ಯಾರೂ ಒಂದು ದಿನ ನೆಟ್ಟವರಲ್ಲ, ನೀರೆರೆದವರಲ್ಲ. ಬೇರು ತಂದವಳಿಗೆ ಅದು ಹೊಟ್ಟೆಪಾಡು. ನಮಗೆ ನಾಲಗೆಯ ಚಪಲ. ತಪ್ಪನ್ನು ಹಂಚುವುದಾದರೆ ನಮ್ಮ ಪಾಲೇ ದೊಡ್ಡದು.

ಬೆಳೆಸಲು ಆಗದ ಗಿಡವೇನೂ ಅಲ್ಲ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ಅಂಗಾಂಶ ಕೃಷಿಯಿಂದ ಇದರ ಸಸಿಗಳನ್ನು ಪಡೆಯುವ ಕ್ರಮವನ್ನು ತೋರಿಸಿಕೊಟ್ಟಿದ್ದಾರೆ. ರೇಷ್ಮೆಯಂತಹ ಕುಚ್ಚು ಹೊತ್ತು ಗಾಳಿಯಲ್ಲಿ ತೇಲುವ ಬೀಜದಿಂದಲೂ ಸಸಿಯಾಗುತ್ತದೆ. ಬೇಕಾದದ್ದು ಸಾವಧಾನ.

ನಮ್ಮ ಕುಂಡದ ಸಸಿಯನ್ನು ಆ ಗೆಳೆಯರೇ ಒಂದು ಸಸ್ಯಪಾಲನಾ ಕೇಂದ್ರದಿಂದ ತಂದುಕೊಟ್ಟರು. ಮರಳು ಬೆರೆಸಿದ ಮಣ್ಣು, ನೀರು ನಿಲ್ಲದ ತಳ, ಧಾರಾಳವಾದ ಬಿಸಿಲು. ಇಷ್ಟೇ ಅದರ ಬೇಡಿಕೆ. ಮೂರನೆಯ ವರ್ಷ ಕುಂಡ ಬದಲಿಸುವಾಗ ಬೇರು ನೋಡಿದೆ: ನನ್ನ ಕಿರುಬೆರಳಿನಷ್ಟಿತ್ತು. ತಾಯಿಯವರ ಜಾಡಿಗೆ ಹೆಬ್ಬೆರಳು ಗಾತ್ರದ ಬೇರುಗಳು ಕಂತೆಗಟ್ಟಲೆ ಬೀಳುತ್ತಿದ್ದವು. ಎಷ್ಟು ವರ್ಷಗಳನ್ನು ಒಂದು ಬೇಸಗೆಯಲ್ಲಿ ಉಂಡು ಮುಗಿಸಿದೆವೆಂಬ ಲೆಕ್ಕ ಆಗ ಹೊಳೆಯಿತು.

ನಮ್ಮ ಮನೆಯವರು ಅಂದು ಪಕ್ಕದಲ್ಲೇ ನಿಂತಿದ್ದರು. "ಒಂದು ತುಂಡು ಮುರಿದುಕೊಳ್ಳೋಣವೇ, ವಾಸನೆಗೆ?" ಎಂದು ಕೇಳಿದೆ. "ಬೇಡಿ, ಪಾಪ" ಎಂದರು. ಮಣ್ಣು ಮುಚ್ಚಿ ನೀರು ಹಾಕಿದೆ. ಕೈ ತೊಳೆದ ಮೇಲೂ ಬೆರಳುಗಳಲ್ಲಿ ಆ ಗಂಧ ಸಂಜೆಯವರೆಗೂ ಉಳಿದಿತ್ತು. ಆ ರಾತ್ರಿ ಬರಿಯ ಮೊಸರನ್ನವನ್ನೇ ಉಂಡೆ.